600 ಮಕ್ಕಳ ಶಾಲೆಗೆ ಒಬ್ಬರೇ ಕೌನ್ಸೆಲರ್ ಸಾಕಾ?

ಪ್ರಶ್ನೆ: ನಮ್ಮದು 6ರಿಂದ 10ನೇ ತರಗತಿಯ ಖಾಸಗಿ ಶಾಲೆ, 600 ಮಕ್ಕಳು. ಆಡಳಿತ ಮಂಡಳಿ ಒಂದೇ ಹುದ್ದೆಗೆ ಒಪ್ಪಿದೆ. ಖಾಲಿ ಪಿರಿಯಡ್‌ಗಳಿಗೂ ಅವರನ್ನೇ ಕಳಿಸಿ ಅನ್ನುತ್ತಿದ್ದಾರೆ. ಕೆಲಸ ಹೇಗೆ ಹಂಚಲಿ?

ಉತ್ತರ 1: ಬದಲಿ ಪಿರಿಯಡ್ ಮತ್ತು ಶಿಸ್ತಿನ ವಿಚಾರಣೆ, ಇವೆರಡನ್ನು ಕೊಡಲೇಬೇಡಿ ಮೇಡಂ. ಬೆಳಿಗ್ಗೆ ಗದರಿದವರ ಹತ್ತಿರ ಮಧ್ಯಾಹ್ನ ಯಾವ ಮಗು ಬಾಯಿಬಿಡುತ್ತದೆ? ದಿನಕ್ಕೆ 40 ನಿಮಿಷದ ನಾಲ್ಕು ಭೇಟಿ, ಪ್ರತಿಯೊಂದರ ನಂತರ ಟಿಪ್ಪಣಿ ಬರೆಯಲು 10 ನಿಮಿಷ ಇರಲಿ. ಉಳಿದ ಹೊತ್ತು ತರಗತಿ ಚಟುವಟಿಕೆಗೆ, ಪೋಷಕರಿಗೆ. ಅಮೆರಿಕದ ಶಾಲಾ ಕೌನ್ಸೆಲರ್‌ಗಳ ಸಂಘ 250 ಮಕ್ಕಳಿಗೆ ಒಬ್ಬರು ಬೇಕು ಅನ್ನುತ್ತದೆ. ನಿಮ್ಮಲ್ಲಿ ಅದು ಆಗದ ಮಾತು, ಹಾಗಾಗಿ ತೊಂದರೆಯಲ್ಲಿರುವ ಮಕ್ಕಳನ್ನು ಗುರುತಿಸಿ ಕೌನ್ಸೆಲರ್ ಬಳಿ ಕಳಿಸುವ ತರಬೇತಿಯನ್ನು ತರಗತಿ ಶಿಕ್ಷಕರಿಗೆ ಕೊಡಿ. ಸಮಾಲೋಚನೆಗೆ ಮಾತ್ರ ಅವರು ಕೈಹಾಕಬಾರದು.

ಉತ್ತರ 2: ಕೊಠಡಿ ಮುಖ್ಯೋಪಾಧ್ಯಾಯರ ಕಚೇರಿ ಪಕ್ಕ ಬೇಡ, ಒಳಗೆ ಹೋಗುವವರು ಎಲ್ಲರ ಕಣ್ಣಿಗೆ ಬೀಳುತ್ತಾರೆ. ಕಡತಕ್ಕೆ ಬೀಗವಿರುವ ಬೀರು, ಕೀಲಿ ಕೌನ್ಸೆಲರ್ ಕೈಲೇ. ಶಿಕ್ಷಕರು ಮಗುವನ್ನು ಕಳಿಸುವಾಗ ಬರೆಯುವ ಚೀಟಿಯಲ್ಲಿ ಹೆಸರು, ತರಗತಿ, ಕಂಡ ವರ್ತನೆ ಅಷ್ಟೇ ಇರಲಿ. 'ಸೋಮಾರಿ', 'ಹಟಮಾರಿ' ಅಂತೆಲ್ಲ ಷರಾ ಬೇಡ. ಇನ್ನೊಂದು: 'ಯಾರಿಗೂ ಹೇಳಲ್ಲ' ಎಂದು ಮಗುವಿಗೆ ಮಾತು ಕೊಡಬಾರದು. ಲೈಂಗಿಕ ದೌರ್ಜನ್ಯ ಗೊತ್ತಾದರೆ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮೊದಲ ಭೇಟಿಯಲ್ಲೇ ಈ ಮಿತಿ ಹೇಳಿಬಿಡಲಿ.

ಉತ್ತರ 3: ಮಂಡಳಿ ಹಿಂದೇಟು ಹಾಕಿದರೆ ಸುಪ್ರೀಂ ಕೋರ್ಟ್‌ನ ಜುಲೈ 2025ರ ಮಾರ್ಗಸೂಚಿ ತೋರಿಸಿ: 100 ಅಥವಾ ಹೆಚ್ಚು ವಿದ್ಯಾರ್ಥಿಗಳಿದ್ದರೆ ಅರ್ಹ ಸಮಾಲೋಚಕರೊಬ್ಬರು ಇರಲೇಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಮಕ್ಕಳ ಸಹಾಯವಾಣಿ 1098, ಎರಡನ್ನೂ ಸೂಚನಾ ಫಲಕದಲ್ಲಿ ದೊಡ್ಡದಾಗಿ ಬರೆಸಿ.