ಮಗನ ನೋಟ್‌ಬುಕ್ಕಿನಲ್ಲಿ ಕೊಲೆಗಾರನ ಲೆಕ್ಕ: ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ದಾವಣಗೆರೆಯ ತಾಯಿಯೊಬ್ಬರು ಬರೆದಿದ್ದರು: ‘ಮಗನಿಗೆ 20 ವರ್ಷ. ಎಂಜಿನಿಯರಿಂಗ್ ಓದುತ್ತಿದ್ದಾನೆ. ಮೂರು ತಿಂಗಳಿಂದ ರಾತ್ರಿ ಎರಡರವರೆಗೂ ಅಮೆರಿಕದ ಡೆಕ್ಸ್‌ಟರ್ ಎಂಬ ಧಾರಾವಾಹಿ ನೋಡುತ್ತಾನೆ. ಕೊಲೆಗಾರರನ್ನು ಹುಡುಕಿ ಕೊಲ್ಲುವವನ ಕಥೆಯಂತೆ. ಮೊನ್ನೆ ಅವನ ನೋಟ್‌ಬುಕ್ ನೋಡಿದೆ. ಐದು ಹೆಸರು ಬರೆದು ಎಲ್ಲದರ ಮೇಲೂ ಗೀಟು ಎಳೆದಿದ್ದಾನೆ. ಎಚ್ ಹೇಳಿದ ಮೊದಲ ನಿಯಮ, ಸಿಕ್ಕಿಹಾಕಿಕೊಳ್ಳಬಾರದು ಎಂದಿದೆ. ಆರ್ಥರ್‌ನನ್ನು ಮೊದಲೇ ಮುಗಿಸಬೇಕಿತ್ತು ಎಂದಿದೆ. ಮೂರಲ್ಲ, ನಾಲ್ಕು ಎಂದು ಬರೆದು ಕೆಳಗೆ ಎರಡು ಗೆರೆ. ಡಿಗೆ ಯಾವಾಗ ಗೊತ್ತಾಗುತ್ತೆ ಅಂತ ಪುಟದ ತುಂಬ ಇದೆ. ಕೇಳಿದರೆ, ಸೀರಿಯಲ್ ಅಷ್ಟೇ ಅಮ್ಮ ಎಂದು ಬಾಗಿಲು ಹಾಕಿಕೊಂಡ. ಕೊಲೆಗಾರನನ್ನು ಇಷ್ಟು ಹಚ್ಚಿಕೊಂಡ ಹುಡುಗ ಸರಿಯಾಗಿದ್ದಾನಾ? ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಲಾ?’

ಬಂದ ಪತ್ರಗಳಲ್ಲಿ ಐದು ಇಲ್ಲಿವೆ.

*

ತಾಯಿ, ನಾನು ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ 28 ವರ್ಷ ಕೆಲಸ ಮಾಡಿ ನಿವೃತ್ತನಾದವನು. ಮಗಳು ಒತ್ತಾಯ ಮಾಡಿ ಈ ಧಾರಾವಾಹಿಯ ಮೊದಲ ಎರಡು ಸೀಸನ್ ತೋರಿಸಿದಳು. ಆಮೇಲೆ ನಾನೇ ಮುಂದುವರಿಸಿದೆ. ಡೆಕ್ಸ್‌ಟರ್ ಮಾರ್ಗನ್ ಮಯಾಮಿ ಪೊಲೀಸರ ಪ್ರಯೋಗಾಲಯದಲ್ಲಿ ರಕ್ತದ ಕಲೆ ಓದುವವನು. ಹಗಲು ಆ ಕೆಲಸ. ರಾತ್ರಿ, ಕಾನೂನಿನಿಂದ ತಪ್ಪಿಸಿಕೊಂಡ ಕೊಲೆಗಾರರನ್ನು ಹಿಡಿದು ಕೊಲ್ಲುತ್ತಾನೆ. ಸಾಕಿದ ಅಪ್ಪ ಹ್ಯಾರಿ ಪೊಲೀಸ್. ಹುಡುಗನೊಳಗಿನ ಕೊಲ್ಲುವ ಆಸೆಯನ್ನು ಕಂಡು ಅವನೇ ಕೆಲವು ನಿಯಮ ಕಲಿಸಿರುತ್ತಾನೆ. ನೀವು ಓದಿದ ‘ಎಚ್’ ಈ ಹ್ಯಾರಿಯೇ.

ಕಲೆ ಓದುವ ಭಾಗ ಪೂರ್ತಿ ಸುಳ್ಳಲ್ಲ. ನೇರವಾಗಿ ಬಿದ್ದ ಹನಿಯ ಕಲೆ ದುಂಡಗಿರುತ್ತದೆ. ಓರೆಯಾಗಿ ಬಿದ್ದದ್ದು ಉದ್ದವಾಗುತ್ತದೆ. ಕಲೆಯ ಅಗಲ ಮತ್ತು ಉದ್ದ ಅಳೆದರೆ ಹನಿ ಯಾವ ಕೋನದಲ್ಲಿ ಬಂತು ಎಂದು ಲೆಕ್ಕ ಹಾಕಬಹುದು. ಅಲ್ಲಿಂದ ದಾರ ಕಟ್ಟುತ್ತಾ ಹೋದರೆ ಪೆಟ್ಟು ಬಿದ್ದ ಜಾಗ ಸಿಗುತ್ತದೆ. ಎಂಜಿನಿಯರಿಂಗ್ ಹುಡುಗನಿಗೆ ಇದು ಹಿಡಿಸುವುದು ಸಹಜ.

ನನ್ನ ಕಳವಳ ಬೇರೆ. ಸಾಕ್ಷ್ಯ ಹುಡುಕುವವನೂ ಅವನೇ, ತೀರ್ಪು ಕೊಡುವವನೂ ಅವನೇ, ಶಿಕ್ಷೆ ಕೊಡುವವನೂ ಅವನೇ. ನಾನು ಕೊಟ್ಟ ಪ್ರತಿ ವರದಿಗೂ ಕೋರ್ಟಿನಲ್ಲಿ ಎದುರು ವಕೀಲರು ಪ್ರಶ್ನೆ ಹಾಕುತ್ತಿದ್ದರು. ಒಮ್ಮೊಮ್ಮೆ ಬೆವರು ಬರುತ್ತಿತ್ತು. ಡೆಕ್ಸ್‌ಟರ್‌ಗೆ ಪ್ರಶ್ನೆ ಹಾಕುವವರು ಯಾರೂ ಇಲ್ಲ. ಹಾಗಾಗಿಯೇ ನಾಲ್ಕನೇ ಸೀಸನ್‌ನಲ್ಲಿ ಫಾರೋ ಎಂಬ ಫೋಟೊಗ್ರಾಫರ್‌ನನ್ನು ಕೊಲ್ಲುತ್ತಾನೆ. ತಪ್ಪು ಮಾಡಿದ್ದು ಅವನ ಸಹಾಯಕ ಎಂದು ಆಮೇಲೆ ಗೊತ್ತಾಗುತ್ತದೆ.

ಇದು ಬರೀ ಕಥೆಯ ಮಾತಲ್ಲ. 2019ರ ಡಿಸೆಂಬರ್ 6ರಂದು ಹೈದರಾಬಾದ್ ಹತ್ತಿರ ಅತ್ಯಾಚಾರ ಮತ್ತು ಕೊಲೆ ಪ್ರಕರಣದ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಸತ್ತರು. ಜನ ಪೊಲೀಸರ ಮೇಲೆ ಹೂ ಸುರಿದರು. ನಮ್ಮ ಮನೆಯಲ್ಲೂ ಚಪ್ಪಾಳೆ ತಟ್ಟಿದರು. ಅವರನ್ನು ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ ಎಂದು ಸುಪ್ರೀಂ ಕೋರ್ಟ್ ನೇಮಿಸಿದ ಸಿರ್‌ಪುರ್‌ಕರ್ ಆಯೋಗ 2022ರಲ್ಲಿ ಹೇಳಿತು. ನಾಲ್ವರಲ್ಲಿ ಮೂವರು ಆಗ ಇನ್ನೂ 18 ತುಂಬದವರು ಎಂದೂ ಹೇಳಿತು. ಅಷ್ಟು ಹೊತ್ತಿಗೆ ಹೂ ಸುರಿದವರು ಆ ಸುದ್ದಿಯನ್ನೇ ಮರೆತಿದ್ದರು.

ನೋಟ್‌ಬುಕ್ಕಿನಲ್ಲಿ ಫಾರೋ ಹೆಸರು ಇದೆಯಾ ನೋಡಿ. ಇದ್ದರೆ ಪಕ್ಕದಲ್ಲಿ ಏನು ಬರೆದಿದ್ದಾನೆ ಎಂದು ಅವನನ್ನೇ ಕೇಳಿ. ಹುಡುಗನ ಮನಸ್ಸು ಎಲ್ಲಿದೆ ಎಂದು ಆ ಒಂದು ಉತ್ತರದಲ್ಲಿ ನಿಮಗೆ ತಿಳಿಯುತ್ತದೆ.

– ನಿವೃತ್ತ ವಿಧಿವಿಜ್ಞಾನ ಸಿಬ್ಬಂದಿ, ಬೆಂಗಳೂರು

*

ಅಕ್ಕಾ, ನಾನು ಆ ಧಾರಾವಾಹಿ ನೋಡಿದವನಲ್ಲ. ಆದರೆ ನಿಮ್ಮ ಪತ್ರ ಓದಿದ ಮೇಲೆ ಬರೆಯದೆ ಇರಲು ಆಗಲಿಲ್ಲ. ನಮ್ಮ ಕಡೆ ಮಳೆಗಾಲ ಬಂತೆಂದರೆ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಬರೀ ಮಾತು. ನಾನು ಹವ್ಯಾಸಕ್ಕೆ ಅರ್ಥ ಹೇಳುತ್ತೇನೆ. ನನಗೆ ಹೆಚ್ಚಾಗಿ ಸಿಗುವುದು ವಾಲಿ.

ವಾಲಿ ತಪ್ಪು ಮಾಡಿದವನು. ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನು. ಆದರೂ ಬಾಣ ತಾಗಿ ಬಿದ್ದ ಮೇಲೆ ರಾಮನನ್ನು ಕೇಳುತ್ತಾನೆ: ಎದುರು ಬರದೆ ಮರೆಯಲ್ಲಿ ನಿಂತು ಯಾಕೆ ಹೊಡೆದೆ? ನನ್ನನ್ನು ಶಿಕ್ಷಿಸುವ ಅಧಿಕಾರ ನಿನಗೆ ಯಾರು ಕೊಟ್ಟರು? ಅರ್ಧ ರಾತ್ರಿಯವರೆಗೆ ಇದೇ ವಾದ. ರಾಮನ ಅರ್ಥಧಾರಿ ಒಂದು ಹೇಳಿದರೆ ನಾನೊಂದು ಹೇಳುತ್ತೇನೆ. ಮುಂದೆ ಅವರು ಯಾವ ಮಾತು ತರಬಹುದು ಎಂದು ವಾರದ ಮೊದಲೇ ಊಹೆ ಮಾಡಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ನನ್ನ ಆ ಪುಸ್ತಕ ಯಾರಾದರೂ ಅಪರಿಚಿತರ ಕೈಗೆ ಸಿಕ್ಕರೆ ಏನೆಂದುಕೊಂಡಾರು?

ವಾಲಿಯ ಪರ ವಾದಿಸಿ ನಾನು ವಾಲಿಯಾಗಲಿಲ್ಲ. ಬದಲಿಗೆ, ಯಾರಿಗಾದರೂ ಶಿಕ್ಷೆ ಆಗಲಿ ಎಂದು ಊರೆಲ್ಲ ಕೂಗುವಾಗ ಒಂದು ನಿಮಿಷ ತಡೆದು ನೋಡುವ ಅಭ್ಯಾಸ ಬಂತು. ನಿಮ್ಮ ಮಗನಿಗೆ ಎದುರು ಕೂತು ವಾದಿಸುವ ಒಬ್ಬರು ಬೇಕು. ಈಗ ಅವನು ಎರಡೂ ಪಾತ್ರವನ್ನು ಒಬ್ಬನೇ ಹೇಳುತ್ತಿದ್ದಾನೆ.

– ಕೃಷಿಕ, ಪುತ್ತೂರು

*

ನಮ್ಮ ಅತ್ತೆಗೆ 74. ಸಂಜೆ ಏಳರ ಧಾರಾವಾಹಿಯಲ್ಲಿ ಸೊಸೆಗೆ ವಿಷ ಹಾಕಿದ್ದು ಯಾರು ಎಂದು ಹಾಲಿನವನ ಹತ್ತಿರ, ಹೂವಿನವಳ ಹತ್ತಿರ, ನನ್ನ ಹತ್ತಿರ ದಿನಾ ಮಾತಾಡುತ್ತಾರೆ. ಯಾರೂ ಅವರನ್ನು ಡಾಕ್ಟರ್ ಹತ್ತಿರ ಕರೆದೊಯ್ದಿಲ್ಲ. ವ್ಯತ್ಯಾಸ ಇಷ್ಟೇ, ಅವರು ಬಾಗಿಲು ತೆಗೆದು ಮಾತಾಡುತ್ತಾರೆ. ನಿಮ್ಮ ಮಗ ಬಾಗಿಲು ಹಾಕಿಕೊಂಡು ಬರೆಯುತ್ತಾನೆ. ಬಾಗಿಲು ತೆಗೆಸಿ ಅಕ್ಕಾ. ಒಂದು ತಟ್ಟೆ ಮಂಡಕ್ಕಿ, ಮೆಣಸಿನಕಾಯಿ ಹಿಡಿದುಕೊಂಡು ಹೋಗಿ.

– ಗೃಹಿಣಿ, ಶಿರಸಿ

*

ನಾನು ಆಪ್ತ ಸಮಾಲೋಚಕಿ. ನಿಮ್ಮ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ನೀವು ಬರೆದದ್ದರಲ್ಲಿ ನನಗೆ ಜಾಸ್ತಿ ಚುಚ್ಚಿದ್ದು ಆ ಹೆಸರುಗಳಲ್ಲ, ರಾತ್ರಿ ಎರಡು ಗಂಟೆ ಎಂಬುದು. ಮೂರು ತಿಂಗಳು ಸರಿಯಾಗಿ ನಿದ್ದೆ ಇಲ್ಲದಿದ್ದರೆ ಯಾವ ಹುಡುಗನೂ ಸಿಡುಕುತ್ತಾನೆ. ಊಟ ಮಾಡುತ್ತಿದ್ದಾನಾ? ಕಾಲೇಜಿಗೆ ಹೋಗುತ್ತಿದ್ದಾನಾ? ಗೆಳೆಯರ ಫೋನ್ ಬರುತ್ತಾ? ಮೊದಲು ಇವನ್ನು ಗಮನಿಸಿ.

ನಿಜವಾಗಿ ಬದುಕಿರುವ ಯಾರ ಮೇಲಾದರೂ ಸಿಟ್ಟು ಬರೆದಿದ್ದರೆ, ತನಗೆ ತಾನೇ ನೋವು ಮಾಡಿಕೊಂಡಿದ್ದರೆ, ಪ್ರಾಣಿಗಳನ್ನು ಹಿಂಸಿಸಿದ್ದರೆ, ತಡ ಮಾಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ದುಡ್ಡು ಕೊಡಬೇಕಿಲ್ಲ. ನೀವೇ ಫೋನ್ ಮಾಡಿ ಕೇಳಿದರೂ ಆಯಿತು. ಅಂಥದ್ದು ಏನೂ ಇಲ್ಲದಿದ್ದರೆ ಇದು ರೋಗವಲ್ಲ.

ಇನ್ನೊಂದು ಮಾತು. ಕೇಳದೆ ನೋಟ್‌ಬುಕ್ ತೆಗೆದು ನೋಡಿದ್ದಕ್ಕೆ ಅವನ ಹತ್ತಿರ ಒಂದು ಸಾರಿ ಕ್ಷಮೆ ಕೇಳಿ. ತಾಯಿ ಕ್ಷಮೆ ಕೇಳಿದರೆ 20 ವರ್ಷದ ಹುಡುಗ ಮೆತ್ತಗಾಗುತ್ತಾನೆ. ಇದನ್ನು ನಾನು ಎಷ್ಟೋ ಸಲ ಕಣ್ಣಾರೆ ಕಂಡಿದ್ದೇನೆ.

– ಆಪ್ತ ಸಮಾಲೋಚಕಿ, ಹುಬ್ಬಳ್ಳಿ

*

ಅಮ್ಮಾ, ಈ ಪತ್ರವನ್ನು ನೀವು ಮಾತ್ರ ಓದಿ. ಮಗನ ಕೈಗೆ ಸಿಗದ ಹಾಗೆ ಎತ್ತಿಡಿ. ಯಾಕೆ ಎಂದು ಕೊನೆಯಲ್ಲಿ ಹೇಳುತ್ತೇನೆ.

ನೀವು ಬರೆದ ಸಾಲುಗಳನ್ನು ಓದುತ್ತಿದ್ದಂತೆ ನನಗೆ ಅವನು ಎಲ್ಲಿದ್ದಾನೆ ಎಂದು ಗೊತ್ತಾಯಿತು. ಗೀಟು ಎಳೆದ ಐದು ಹೆಸರು ಬ್ರಯಾನ್, ಡೋಕ್ಸ್, ಲೈಲಾ, ಮಿಗೆಲ್, ಲುಂಡಿ ಇರಬೇಕು. ಅವರೆಲ್ಲ ಕಥೆಯಲ್ಲಿ ಆಗಲೇ ಸತ್ತವರು. ಇನ್ನು ಕೊಲ್ಲಬೇಕಾದವರ ಪಟ್ಟಿಯಲ್ಲ ಅದು. ‘ಡಿ’ ಅಂದರೆ ಡೆಬ್ರಾ, ಡೆಕ್ಸ್‌ಟರ್‌ನ ತಂಗಿ. ಅದೇ ಪೊಲೀಸ್ ಠಾಣೆಯಲ್ಲಿ ಪತ್ತೇದಾರಿಣಿ. ಒಡಹುಟ್ಟಿದವಳಲ್ಲ, ಹ್ಯಾರಿಯ ಸ್ವಂತ ಮಗಳು. ಅಣ್ಣ ಅಂದರೆ ಪ್ರಾಣ. ಅಣ್ಣನ ಗುಟ್ಟು ಅವಳಿಗೆ ಯಾವಾಗ ಗೊತ್ತಾಗುತ್ತೆ? ಗೊತ್ತಾದರೆ ಹಿಡಿದುಕೊಡುತ್ತಾಳಾ, ಮುಚ್ಚಿಡುತ್ತಾಳಾ? 2006ರ ಅಕ್ಟೋಬರ್‌ನಲ್ಲಿ ಶುರುವಾದಾಗಿನಿಂದ ನೋಡುಗರನ್ನು ನಿದ್ದೆಗೆಡಿಸಿದ ಪ್ರಶ್ನೆ ಇದು. ನಿಮ್ಮ ಮಗ ಪುಟದ ತುಂಬ ಬರೆದಿರುವುದೂ ಇದನ್ನೇ. ಕೊಲ್ಲುವುದು ಹೇಗೆ ಎಂದು ಅವನು ಬರೆದಿಲ್ಲ ಅಮ್ಮಾ. ಪ್ರೀತಿಸಿದವರಿಗೆ ನಮ್ಮ ಅತಿ ಕೆಟ್ಟ ಮುಖ ಕಂಡರೆ ಏನಾಗುತ್ತೆ ಎಂದು ಬರೆದಿದ್ದಾನೆ.

ನಾನೂ ಹೀಗೇ ಇದ್ದೆ. ನನಗೂ ತಮ್ಮನಿಗೂ ಫೋನಿನಲ್ಲಿ ಇದೇ ಮಾತು. ಅವನು ಪುಣೆಯಲ್ಲಿ, ನಾನು ಮೈಸೂರಿನಲ್ಲಿ. ಆರನೇ ಸೀಸನ್‌ನಲ್ಲಿ ಗೆಲ್ಲರ್ ಎಂಬ ಪ್ರೊಫೆಸರ್ ಬರುತ್ತಾನೆ. ಮೂರನೇ ಕಂತಿಗೇ ತಮ್ಮ ಫೋನ್ ಮಾಡಿ, ‘ಅಕ್ಕಾ, ಅವನ ಜೊತೆ ಶಿಷ್ಯನೊಬ್ಬನೇ ಮಾತಾಡ್ತಾನೆ, ಬೇರೆ ಯಾರೂ ಅವನ ಕಡೆ ನೋಡೋದೇ ಇಲ್ಲ, ಗಮನಿಸಿದ್ಯಾ?’ ಅಂದ. ನಾನು ಒಪ್ಪಲಿಲ್ಲ. ಮತ್ತೆ ಮೊದಲಿನಿಂದ ನೋಡಿದೆ. ಹೌದು, ಅಂಗಡಿಯವರಿಲ್ಲ, ದಾರಿಹೋಕರಿಲ್ಲ, ಯಾರೂ ಇಲ್ಲ. ಒಂಬತ್ತನೇ ಕಂತಿನಲ್ಲಿ ಫ್ರಿಜ್‌ನೊಳಗೆ ಗೆಲ್ಲರ್‌ನ ಹೆಣ ಸಿಕ್ಕಿತು. ಅವನು ಯಾವಾಗಲೋ ಸತ್ತಿದ್ದ. ಬದುಕಿದ್ದದ್ದು ಶಿಷ್ಯನ ತಲೆಯೊಳಗೆ ಮಾತ್ರ. ಆ ರಾತ್ರಿ ತಮ್ಮನ ಖುಷಿ ಹೇಳತೀರದು. ಮನುಷ್ಯರನ್ನು ಅಷ್ಟು ಹತ್ತಿರದಿಂದ ಗಮನಿಸುವುದನ್ನು ನಾನು ಕಲಿತದ್ದು ಹಾಗೆ.

ಕೊನೆಯ ಬಗ್ಗೆ ಊಹೆಗಳು ಇನ್ನೂ ಜಾಸ್ತಿ. ಸಿಕ್ಕಿಬೀಳುತ್ತಾನೆ ಅನ್ನುವವರು, ತಂಗಿಯೇ ಗುಂಡು ಹೊಡೆಯುತ್ತಾಳೆ ಅನ್ನುವವರು, ಮರಣದಂಡನೆ ಆಗುತ್ತೆ ಅನ್ನುವವರು. ಮೊದಲ ನಾಲ್ಕು ಸೀಸನ್ ನಡೆಸಿದ ಕ್ಲೈಡ್ ಫಿಲಿಪ್ಸ್ ಕೂಡ ಮರಣದಂಡನೆಯನ್ನೇ ಕಲ್ಪಿಸಿಕೊಂಡಿದ್ದರಂತೆ. ಡೆಕ್ಸ್‌ಟರ್ ಮೇಜಿನ ಮೇಲೆ ಮಲಗಿರುತ್ತಾನೆ, ಅವನು ಕೊಂದವರೆಲ್ಲ ಗಾಜಿನಾಚೆ ನಿಂತು ನೋಡುತ್ತಿರುತ್ತಾರೆ. ಇದು ಅವರು ಆಮೇಲೆ ಹೇಳಿಕೊಂಡದ್ದು. 2013ರ ಸೆಪ್ಟೆಂಬರ್‌ನಲ್ಲಿ ನಿಜವಾಗಿ ಬಂದ ಕೊನೆ ಬೇರೆ. ಡೆಕ್ಸ್‌ಟರ್ ತಂಗಿಯ ಹೆಣವನ್ನು ಸಮುದ್ರಕ್ಕೆ ಬಿಟ್ಟು, ದೂರದ ಆರೆಗಾನ್‌ನಲ್ಲಿ ಗಡ್ಡ ಬಿಟ್ಟು ಮರ ಕಡಿಯುವವನಾಗಿ ಒಂಟಿಯಾಗಿ ಕೂತಿರುತ್ತಾನೆ. ತಮ್ಮನೂ ನಾನೂ ಎರಡು ದಿನ ಮಾತಾಡಲಿಲ್ಲ. ಅಷ್ಟು ಬೇಜಾರು. ಅವನನ್ನು ಬದುಕಿಸಿ ಬಿಟ್ಟದ್ದು ತಪ್ಪು ಎಂದು ತಮ್ಮ. ಎಲ್ಲರನ್ನೂ ಕಳೆದುಕೊಂಡು ಬದುಕುವುದೇ ಶಿಕ್ಷೆ ಎಂದು ನಾನು. ಈಗಲೂ ನಾನು ಅದನ್ನೇ ಹೇಳುತ್ತೇನೆ. 2021ರಲ್ಲಿ ಕಥೆ ಮತ್ತೆ ಬಂತು, ಮಗನೇ ಅಪ್ಪನಿಗೆ ಗುಂಡು ಹೊಡೆದ. 2025ರಲ್ಲಿ ಮತ್ತೆ ಎದ್ದು ಬಂದ. ತಮ್ಮನ ಫೋನ್ ಕೂಡ ಮತ್ತೆ ಶುರುವಾಯಿತು. ಅವನಿಗೆ ಈಗ ಇಬ್ಬರು ಮಕ್ಕಳು. ನಮ್ಮಿಬ್ಬರಿಗೆ ಮಾತಾಡಲು ಒಂದು ನೆಪ ಇದೆಯಲ್ಲ ಎಂದು ನನಗೆ ಖುಷಿ.

ಈಗ ಮುಖ್ಯ ವಿಷಯ. ‘ಮೂರಲ್ಲ, ನಾಲ್ಕು’ ಎಂದರೆ ನಿಮ್ಮ ಮಗ ನಾಲ್ಕನೇ ಸೀಸನ್‌ನ ಹತ್ತನೇ ಕಂತು ದಾಟಿದ್ದಾನೆ. ಆ ಸೀಸನ್‌ನ ಕೊಲೆಗಾರ ಆರ್ಥರ್ ಮಿಚೆಲ್. ಹೆಂಡತಿ, ಮಕ್ಕಳು, ಸಮಾಜಸೇವೆ ಎಲ್ಲ ಇರುವ ಮನುಷ್ಯ. ಜಾನ್ ಲಿಥ್‌ಗೋ ಆ ಪಾತ್ರಕ್ಕೆ ಎಮ್ಮಿ ಪ್ರಶಸ್ತಿ ಪಡೆದರು. ಅವನು ಒಂದೊಂದು ಸಲವೂ ಮೂವರನ್ನು ಕೊಲ್ಲುತ್ತಾನೆ ಎಂದು ಎಲ್ಲರೂ ನಂಬಿರುತ್ತಾರೆ. ಮೂವರಲ್ಲ, ನಾಲ್ವರು ಎಂದು ಹತ್ತನೇ ಕಂತಿನಲ್ಲಿ ತಿಳಿಯುತ್ತದೆ. ಡೆಕ್ಸ್‌ಟರ್‌ಗೂ ಆಗ ಹೆಂಡತಿ ರೀಟಾ, ಪುಟ್ಟ ಮಗು ಇದ್ದಾರೆ. ಕೊಲೆಗಾರನೊಬ್ಬ ಸಂಸಾರವನ್ನು ಹೇಗೆ ನಡೆಸುತ್ತಾನೆ ಎಂದು ಕಲಿಯುವ ಆಸೆಯಿಂದ ಅವನು ಆರ್ಥರ್‌ನನ್ನು ಹಿಡಿಯದೆ ದಿನ ತಳ್ಳುತ್ತಾನೆ. ಅದಕ್ಕೇ ಮಗ ಮೊದಲೇ ಮುಗಿಸಬೇಕಿತ್ತು ಎಂದು ಬರೆದಿದ್ದಾನೆ.

ಅವನ ಊಹೆ ಸರಿ. ನನಗೆ ಹೆದರಿಕೆ ಇರುವುದು ಅದೇ. ಹನ್ನೆರಡನೇ ಕಂತಿನ ಕೊನೆಯಲ್ಲಿ ಡೆಕ್ಸ್‌ಟರ್ ಆರ್ಥರ್‌ನನ್ನು ಕೊಂದು, ಎಲ್ಲ ಮುಗಿಯಿತು ಎಂದು ಮನೆಗೆ ಬರುತ್ತಾನೆ. ಮಗು ಅಳುವ ಸದ್ದು ಕೇಳುತ್ತದೆ. ಬಚ್ಚಲಮನೆಗೆ ಹೋದರೆ ತೊಟ್ಟಿಯ ನೀರಿನಲ್ಲಿ ರೀಟಾ ಸತ್ತಿದ್ದಾಳೆ. ನೆಲದ ರಕ್ತದಲ್ಲಿ ಮಗು ಕೂತಿದೆ. ಚಿಕ್ಕಂದಿನಲ್ಲಿ ಡೆಕ್ಸ್‌ಟರ್ ಕೂಡ ತನ್ನ ತಾಯಿಯ ರಕ್ತದಲ್ಲಿ ಹೀಗೇ ಕೂತಿದ್ದ. ಈ ಕಂತು 2009ರ ಡಿಸೆಂಬರ್‌ನಲ್ಲಿ ಬಂದಾಗ ಇಷ್ಟು ದೊಡ್ಡ ಪೆಟ್ಟನ್ನು ಬಹಳ ಜನ ಊಹಿಸಿಯೇ ಇರಲಿಲ್ಲ. ನೋಟ್‌ಬುಕ್ಕಿನಲ್ಲಿ ತಾನೇ ಬರೆದ ಸಾಲು ನಿಮ್ಮ ಮಗನಿಗೆ ಆಗ ನೆನಪಾಗುತ್ತದೆ.

ನಾನು ಅದನ್ನು ಹಾಸ್ಟೆಲ್‌ನಲ್ಲಿ ಒಬ್ಬಳೇ ನೋಡಿದೆ. ಬೆಳಗಿನವರೆಗೂ ಬಚ್ಚಲಿಗೆ ಹೋಗಲು ಆಗಲಿಲ್ಲ. ಐದು ಗಂಟೆಗೆ ಅಮ್ಮನಿಗೆ ಫೋನ್ ಮಾಡಿ, ಯಾಕೆ ಎಂದು ಹೇಳಲಾಗದೆ ಸುಮ್ನೆ ಅತ್ತೆ.

ಅವನಿಗೆ ಇನ್ನು ಹೆಚ್ಚೆಂದರೆ ಎರಡು ಕಂತು ಬಾಕಿ. ಇವತ್ತೇ ಕೇಳಿ, ಆರ್ಥರ್ ಕಥೆ ಎಲ್ಲಿಗೆ ಬಂತು ಎಂದು. ಹನ್ನೆರಡನೆಯದನ್ನು ಹಗಲು ಹೊತ್ತಿನಲ್ಲಿ ಹಾಕಿಸಿ, ಪಕ್ಕದಲ್ಲಿ ಕೂತುಕೊಳ್ಳಿ.

– ಬ್ಯಾಂಕ್ ಉದ್ಯೋಗಿ, ಮೈಸೂರು