ಮನ್ಯಾಗ ಕಾರ್ಬನ್ ಫೈಬರ್ ಮಡ್‌ಗಾರ್ಡ್, ಸೈಡ್ ಪ್ಯಾನೆಲ್: ಯಾವ ರೆಸಿನ್, ಎಷ್ಟು ಪದರು?

ಉಣಕಲ್ ರೈಡರ್ (ಹುಬ್ಬಳ್ಳಿ)

ಎಲ್ಲಾರಿಗೂ ನಮಸ್ಕಾರ್ರಿ. 200 ಸಿಸಿ ಬೈಕಿನ ಮುಂದಿನ ಮಡ್‌ಗಾರ್ಡ್ ಮತ್ತ ಎರಡು ಸೈಡ್ ಪ್ಯಾನೆಲ್ ಮನ್ಯಾಗ ಮಾಡಬೇಕಂತ ಐತಿ. ಸ್ಟಿಕರ್ ಬ್ಯಾಡ, ಖರೇ ಕಾರ್ಬನ್ನ ಬೇಕು. ಒರಿಜಿನಲ್ ಪ್ಲಾಸ್ಟಿಕ್ ಪಾರ್ಟ್ ಅದಾವ, ಅವುಗಳಿಂದನ ಮೋಲ್ಡ್ (ಅಚ್ಚು) ತಗಿಯೂದು. ಪಾಲಿಯೆಸ್ಟರ್ ರೆಸಿನ್ (ಬಟ್ಟಿಗೆ ಹಚ್ಚಿದ ಮ್ಯಾಲ ಗಟ್ಟಿ ಆಗೂ ದ್ರವ) ಇಲ್ಲೇ ಅಗ್ಗಕ್ಕ ಸಿಗತೈತಿ. ಅದರಾಗ ಕಾರ್ಬನ್ ಬಟ್ಟಿ ಹಾಕಿದ್ರ ನಡೀತೈತೇನು, ಎಪಾಕ್ಸಿನ ಬೇಕೋ? ಎಷ್ಟು ಪದರು? ವ್ಯಾಕ್ಯೂಮ್ (ಬ್ಯಾಗಿನಾಗ ಹಾಕಿ ಗಾಳಿ ಎಳದು ಒತ್ತೂದು) ಇಲ್ದ ಆಗೂದಿಲ್ಲೇನು? ಏಪ್ರಿಲ್ ಬಿಸಿಲಾಗ ಕೆಲಸ ಹಿಡೀಲೋ, ಬ್ಯಾಡೋ?

ಎಫ್‌ಆರ್‌ಪಿ ಕೆಲಸ (ತಾರಿಹಾಳ)

ಪಾಲಿಯೆಸ್ಟರ್ ಮೋಲ್ಡಿಗೆ ಬಳಸ್ರಿ, ಪಾರ್ಟಿಗೆ ಬ್ಯಾಡ. ಗಟ್ಟಿ ಆಗುವಾಗ ಅದು ಸುಮಾರು 7% ತನಕ ಕುಗ್ಗತೈತಿ, ಕಾರ್ಬನ್ ಎಳಿ ಹಿಡ್ಕೊಳ್ಳೂದ್ರಾಗೂ ಎಪಾಕ್ಸಿ ಸಮ ಬರೂದಿಲ್ಲ. ತುಟ್ಟಿ ಬಟ್ಟಿ ತಂದು ಅಗ್ಗದ ರೆಸಿನ್ ಸುರದ್ರ ರೊಕ್ಕ ದಂಡ.

ಹೆಚ್ಚು ದಿನ ಮೋಲ್ಡಿಗೆ ಕೊಡ್ರಿ. ಪ್ಲಾಸ್ಟಿಕ್ ಮ್ಯಾಲ ಕಾಳುಕಾಳು ಟೆಕ್ಸ್ಚರ್ ಇದ್ರ ಅದು ಹಂಗ ಮೋಲ್ಡಿಗೆ ಇಳಿತೈತಿ, ಅಲ್ಲಿಂದ ಕಾರ್ಬನ್ನಿಗೂ. ಪುಟ್ಟಿ, ಪ್ರೈಮರ್ ಹೊಡ್ದು 800, 1200, 2000 ನಂಬರ್ ವಾಟರ್ ಪೇಪರ್ ಹಾಕಿ ಹೊಳಪು ಬರೂಮಟಾ ತಿಕ್ರಿ. ಮಡ್‌ಗಾರ್ಡಿನ ಅಂಚು ಒಳಗ ಬಾಗಿರತಾವ, ಒಂದ ತುಂಡಿನ ಮೋಲ್ಡ್ ಮಾಡಿದ್ರ ಪಾರ್ಟ್ ಹೊರಗ ಬರೂದಿಲ್ಲ. ನಡುಗೆರೆಗುಂಟ ಕ್ಲೇ ಮತ್ತ ಪ್ಲಾಸ್ಟಿಕ್ ಶೀಟಿಂದ ಫ್ಲ್ಯಾಂಜ್ (ಎದ್ದು ನಿಲ್ಲೂ ಅಂಚು) ನಿಲ್ಲಿಸಿ ಎರಡು ಭಾಗ ಮಾಡ್ರಿ, 6 ಎಂಎಂ ಬೋಲ್ಟ್ ಹಾಕಿ ಜೋಡಿಸ್ರಿ.

ವ್ಯಾಕ್ಸ್ 5-6 ಕೋಟ್, ಕೋಟಿಗೂ ಕೋಟಿಗೂ ನಡುವ ಅರ್ಧ ಗಂಟೆಯಾದ್ರೂ ಬಿಡ್ರಿ. ಅದರ ಮ್ಯಾಲ ಪಿವಿಎ (ಒಣಗಿದ ಮ್ಯಾಲ ತೆಳ್ಳನ ಪೊರಿ ಆಗಿ ಅಂಟದಂಗ ತಡೆಯೂ ದ್ರವ). ಪಿವಿಎ ಬಿಡಬ್ಯಾಡ್ರಿ, ಜೆಲ್‌ಕೋಟಿನಾಗಿನ (ಮೋಲ್ಡಿನ ಮ್ಯಾಲ್ಮೈ ಆಗೂ ದಪ್ಪ ಪಾಲಿಯೆಸ್ಟರ್) ಸ್ಟೈರೀನ್ ಎಬಿಎಸ್ ಪ್ಲಾಸ್ಟಿಕ್ಕನ್ನ ತಿಂತೈತಿ. ಜೆಲ್‌ಕೋಟ್ ಎರಡು ಕೈ, ಒಟ್ಟು ಅರ್ಧ ಎಂಎಂ ಮ್ಯಾಲ. ಬೆರಳಿಗೆ ಅಂಟಂಟ ಇದ್ದಾಗ 300 ಗ್ರಾಮಿನ ಗ್ಲಾಸ್ ಮ್ಯಾಟ್ ಒಂದ ಪದರು ಹಾಕಿ ಗಾಳಿ ಪೂರಾ ತಗೀರಿ. ಮರುದಿನ 450 ಗ್ರಾಮಿಂದು 3-4 ಪದರು. ಎಲ್ಲಾ ಒಂದ ದಿನಕ್ಕ ಹಾಕಿದ್ರ ಕಾವು ಏರಿ ಮೋಲ್ಡ್ ಸೊಟ್ಟ ಆಗತೈತಿ. ಕ್ಯಾಟಲಿಸ್ಟ್ (ಪಾಲಿಯೆಸ್ಟರ್ ಗಟ್ಟಿ ಮಾಡೂ ದ್ರವ) ಬ್ಯಾಸಗಿಯಾಗ 1 ರಿಂದ 1.5%, 1ರ ಕೆಳಗ ಇಳಿಸಬ್ಯಾಡ್ರಿ. ಕೋಬಾಲ್ಟ್ (ಗಟ್ಟಿ ಆಗೂದನ್ನ ಚುರುಕು ಮಾಡೂ ದ್ರವ) ಮೊದಲ ರೆಸಿನ್ನಿಗೆ ಕಲಸ್ರಿ, ಆಮ್ಯಾಲ ಕ್ಯಾಟಲಿಸ್ಟ್. ಅವೆರಡನ್ನೂ ನೇರವಾಗಿ ಯಾವತ್ತೂ ಕೂಡಿಸಬ್ಯಾಡ್ರಿ, ಸಿಡೀತಾವ. ಮೋಲ್ಡನ್ನ ಒರಿಜಿನಲ್ ಪಾರ್ಟಿನ ಮ್ಯಾಲನ ಒಂದು ವಾರ ಬಿಟ್ಟು ಬಿಚ್ಚ್ರಿ.

ನೇಯ್ಗೆ (ಧಾರವಾಡ)

ಮೋಲ್ಡ್ ಬಗ್ಗೆ ಮೇಲಿನವರು ಹೇಳಿದ್ದೇ ಸರಿ. ನಾನು ಬಟ್ಟೆ ಮತ್ತು ಎಪಾಕ್ಸಿ ಬಗ್ಗೆ ಬರೆಯುತ್ತೇನೆ.

200 ಜಿಎಸ್ಎಂನ (ಚದರ ಮೀಟರಿಗೆ 200 ಗ್ರಾಮ್) 3ಕೆ ಟ್ವಿಲ್, ಅಂದರೆ ಎಳೆಯೊಂದರಲ್ಲಿ 3000 ತಂತು ಇರುವ ಓರೆ ನೇಯ್ಗೆಯ ಕಾರ್ಬನ್ ಬಟ್ಟೆ ತರಿಸಿ. ಮಡಚಿ ಕಳಿಸಬೇಡಿ, ಕೊಳವೆಗೆ ಸುತ್ತಿ ಕಳಿಸಿ ಎಂದು ಅಂಗಡಿಯವರಿಗೆ ಮೊದಲೇ ಹೇಳಿ. ಮಡಿಕೆಯ ಗೆರೆಯಲ್ಲಿ ನೇಯ್ಗೆ ಸರಿದರೆ ಮತ್ತೆ ಕೂಡುವುದಿಲ್ಲ. ಕತ್ತರಿಸುವ ಗೆರೆಗೆ ಮಾಸ್ಕಿಂಗ್ ಟೇಪ್ ಹಚ್ಚಿ ಟೇಪಿನ ನಡುವೆಯೇ ಕತ್ತರಿ ಆಡಿಸಿ, ಎಳೆ ಬಿಚ್ಚುವುದಿಲ್ಲ.

ಮಡ್‌ಗಾರ್ಡಿಗೆ ಮೂರು ಪದರು ಕಾರ್ಬನ್, ಒಳಗಡೆ ಒಂದು ಪದರು 200 ಜಿಎಸ್ಎಂ ಗ್ಲಾಸ್ ಬಟ್ಟೆ. ಒಟ್ಟು ದಪ್ಪ ಸುಮಾರು 1 ಎಂಎಂ. ಬೋಲ್ಟ್ ಬರುವ ಜಾಗಕ್ಕೆ ಇನ್ನೆರಡು ತುಂಡು ಗ್ಲಾಸ್. ಸೈಡ್ ಪ್ಯಾನೆಲ್‌ಗೆ ಎರಡು ಕಾರ್ಬನ್, ಒಂದು ಗ್ಲಾಸ್ ಸಾಕು. ಕೈಯಿಂದ ಹಚ್ಚುವುದಾದರೆ ಬಟ್ಟೆಯ ತೂಕದಷ್ಟೇ ರೆಸಿನ್, ಬ್ರಷ್ ಮತ್ತು ಬಟ್ಟಲಿಗೆ ಅಂಟುವುದಕ್ಕೆಂದು ಕಾಲುಪಾಲು ಹೆಚ್ಚು.

ಪಾಲಿಯೆಸ್ಟರ್ ಬಳಸಿ ರೂಢಿಯಾದವರು ಎಪಾಕ್ಸಿಯಲ್ಲಿ ಎಡವುವುದು ಹಾರ್ಡನರ್‌ನಲ್ಲಿ (ಎಪಾಕ್ಸಿ ಗಟ್ಟಿಯಾಗಲು ಬೆರೆಸುವ ದ್ರವ). ಇಲ್ಲಿ ಹಾರ್ಡನರ್ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುವುದಿಲ್ಲ, ಮೆತ್ತಗೇ ಉಳಿಯುತ್ತದೆ. ಎಲ್‌ವೈ 556 ರೆಸಿನ್ನಿಗೆ ಎಚ್‌ವೈ 951 ಆದರೆ ತೂಕದಲ್ಲಿ 100ಕ್ಕೆ 10. ಅಡುಗೆಮನೆಯ ತಕ್ಕಡಿ ಒಂದೊಂದೇ ಗ್ರಾಮ್ ತೋರಿಸುತ್ತದೆ. 30 ಗ್ರಾಮ್ ರೆಸಿನ್ನಿಗೆ 3 ಗ್ರಾಮ್ ಹಾರ್ಡನರ್ ಹಾಕುವಾಗ ಒಂದು ಗ್ರಾಮ್ ತಪ್ಪಿದರೆ ಮೂರರಲ್ಲೊಂದು ಪಾಲು ತಪ್ಪಿದಂತೆ. 0.1 ಗ್ರಾಮ್ ತೋರಿಸುವ ತಕ್ಕಡಿಯೇ ಬೇಕು.

ಮೊದಲು ಮೋಲ್ಡಿಗೆ ಬರೀ ಎಪಾಕ್ಸಿ ತೆಳ್ಳಗೆ ಹಚ್ಚಿ. ಬೆರಳಿಟ್ಟರೆ ಗುರುತು ಬೀಳಬೇಕು, ಬೆರಳಿಗೆ ಅಂಟಬಾರದು. ಆ ಹದದಲ್ಲಿ ಮೊದಲ ಬಟ್ಟೆ ಕೂರಿಸಿದರೆ ಅದು ಜಾರುವುದಿಲ್ಲ, ಮೇಲ್ಮೈಯಲ್ಲಿ ಸೂಜಿಮೊನೆಯ ತೂತುಗಳೂ ಬಹಳ ಕಡಿಮೆ. ಮೂಲೆಗಳಲ್ಲಿ ಬಟ್ಟೆಯನ್ನು ಬೆರಳಿಂದ ಒಳಕ್ಕೆ ಒತ್ತಿ. ಅಲ್ಲಿ ಸೇತುವೆಯಂತೆ ನಿಂತುಬಿಟ್ಟರೆ ಕೆಳಗೆ ಪೊಳ್ಳು.

ಏಪ್ರಿಲ್‌ನಲ್ಲಿ ಬೆಳಿಗ್ಗೆ ಆರಕ್ಕೆ ಶುರು ಮಾಡಿ. ಕಾವು 10 ಡಿಗ್ರಿ ಏರಿದರೆ ಕೆಲಸದ ಸಮಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. 50-60 ಗ್ರಾಮ್ ಮಾತ್ರ ಕಲಸಿ, ಅಗಲ ತಟ್ಟೆಗೆ ಸುರಿದುಕೊಳ್ಳಿ. ಕಪ್ಪಿನಲ್ಲೇ ಬಿಟ್ಟರೆ ಕಾವು ಒಳಗೇ ಕೂಡಿ ಹೊಗೆ ಏಳುತ್ತದೆ. ಧಾರವಾಡದ ಜುಲೈ ಜಿಟಿಜಿಟಿ ಇದಕ್ಕಿಂತ ಕಷ್ಟ: ಮೇಲೆ ಜಿಡ್ಡಿನ ಬಿಳಿ ಪೊರೆ ಬರುತ್ತದೆ. ಬಂದರೆ ಉಜ್ಜುವ ಮೊದಲು ಬಿಸಿನೀರಲ್ಲಿ ತೊಳೆಯಿರಿ, ಇಲ್ಲದಿದ್ದರೆ ಮೇಲೆ ಹೊಡೆಯುವ ಕ್ಲಿಯರ್ (ಪಾರದರ್ಶಕ ಪೇಂಟ್) ಹಿಡಿಯುವುದಿಲ್ಲ.

ಉಣಕಲ್ ರೈಡರ್ (ಹುಬ್ಬಳ್ಳಿ)

ಭಾಳ ಉಪಕಾರ ಆತ್ರಿ. ವ್ಯಾಕ್ಯೂಮಿಗೆ ಎಸಿ ರಿಪೇರಿಯವರು ಬಳಸೂ ಪಂಪ್ ಸಿಕ್ಕೈತಿ. ಗೇಜ್ 27.5 ಇಂಚಿಗೆ ನಿಂದರತೈತಿ, ವಿಡಿಯೋದಾಗ ಎಲ್ಲಾರೂ 29 ತೋರಸ್ತಾರ. ಲೀಕ್ ಐತೇನು?

ಬೆಟಗೇರಿ ಗ್ಯಾರೇಜ್ (ಗದಗ)

ಲೀಕ್ ಅಲ್ರಿ. 29 ಇಂಚು ಬರೂದು ಸಮುದ್ರದ ದಂಡ್ಯಾಗ. ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಮ್ಯಾಲ ಐತಿ, ಇಲ್ಲಿ ಗಾಳಿ ಒತ್ತಡನ ಸುಮಾರು 27.7 ಇಂಚು. ನಿಮ್ಮ ಪಂಪ್ ಚಲೋ ಐತಿ. ಲೀಕ್ ನೋಡೂದು ಬ್ಯಾರೆ ರೀತಿ: ಬ್ಯಾಗ್ ಕಟ್ಟಿ, ವಾಲ್ವ್ ಬಂದ್ ಮಾಡಿ 10 ನಿಮಿಷ ಬಿಡ್ರಿ. ಮುಳ್ಳು ಒಂದು ಇಂಚಿಗಿಂತ ಜಾಸ್ತಿ ಬಿದ್ರ ಸೀಲಂಟ್ ಟೇಪಿನ ಮೂಲಿಗಳನ್ನ ಒತ್ತಿ ನೋಡ್ರಿ. ಇದನ್ನ ರೆಸಿನ್ ಕಲಸೂಕಿಂತ ಮೊದಲ ಮಾಡ್ರಿ.

ಪದರಿನ ಕ್ರಮ: ಬಟ್ಟಿ, ಪೀಲ್ ಪ್ಲೈ (ಆಮ್ಯಾಲ ಸುಲದು ತಗಿಯೂ ಬಟ್ಟಿ), ತೂತಿನ ಫಿಲ್ಮ್, ಬ್ರೀದರ್ (ಗಾಳಿ ಹಾಯೂ ದಪ್ಪ ಬಟ್ಟಿ), ಬ್ಯಾಗ್. ಪಂಪಿಗೂ ಬ್ಯಾಗಿಗೂ ನಡುವ ರೆಸಿನ್ ಹಿಡಿಯೂ ಡಬ್ಬಿ ಇರಲಿ. ಒಂದು ನಾನ್-ರಿಟರ್ನ್ ವಾಲ್ವೂ ಹಾಕ್ರಿ, ನಡುವ ಕರೆಂಟ್ ಹೋದ್ರ ಬ್ಯಾಗಿಗೆ ಗಾಳಿ ವಾಪಸ್ ನುಗ್ಗಬಾರದು.

ಇನ್ನ ಬಿಸಿಲಿನ ಮಾತು. ರೂಮಿನ ಕಾವಿನಾಗ ಗಟ್ಟಿಯಾದ ಎಪಾಕ್ಸಿ 55-60 ಡಿಗ್ರಿಗೆ ಮೆತ್ತಗಾಗಾಕ ಶುರು ಆಗಬಹುದು. ಕರೇ ಪ್ಯಾನೆಲ್ ಮೇ ತಿಂಗಳ ಬಿಸಿಲಾಗ ನಿಂತ್ರ ಅದನ್ನ ದಾಟತೈತಿ. ಪಾರ್ಟ್ ಬಾಗತೈತಿ, ಹೊಳಪಿನ ಮ್ಯಾಲ ನೇಯ್ಗಿ ಗೆರಿ ಎದ್ದು ಕಾಣತಾವ. ಅದಕ್ಕ ಪೋಸ್ಟ್ ಕ್ಯೂರ್ (ಗಟ್ಟಿಯಾದ ಮ್ಯಾಲ ಮತ್ತ ಕಾವು ಕೊಡೂದು) ಬೇಕ ಬೇಕು. ಪ್ಲೈವುಡ್ ಪೆಟ್ಟಿಗಿ, 200 ವ್ಯಾಟಿನ ಎರಡು ಹಳೀ ಬಲ್ಬ್, ಸಣ್ಣ ಫ್ಯಾನ್, ಮೊಟ್ಟಿ ಇನ್‌ಕ್ಯುಬೇಟರಿಗೆ ಹಾಕೂ ಡಿಜಿಟಲ್ ಥರ್ಮೋಸ್ಟ್ಯಾಟ್. 24 ತಾಸಿನ ಮ್ಯಾಲ, ಮೋಲ್ಡಿನಾಗ ಇದ್ದಾಗನ, ತಾಸಿಗೆ 10 ಡಿಗ್ರಿಯಂಗ ಏರಿಸಿ 60ಕ್ಕ 6-8 ತಾಸು ಇಡ್ರಿ. ಪಾಲಿಯೆಸ್ಟರ್ ಮೋಲ್ಡನ್ನ ಅದಕ್ಕಿಂತ ಮ್ಯಾಲ ಒಯ್ಯಬ್ಯಾಡ್ರಿ. 80 ಬೇಕಂದ್ರ ಪಾರ್ಟ್ ಬಿಚ್ಚಿ, ಆಧಾರ ಕೊಟ್ಟು, ಮತ್ತ ಹಂತಹಂತವಾಗಿ ಏರಿಸ್ರಿ. ಥರ್ಮಾಕೋಲ್ ಪೆಟ್ಟಿಗಿ ಆ ಕಾವಿಗೆ ಮೆತ್ತಗಾಗಿ ಸೊಟ್ಟ ಆಗಬಹುದು. ಅಡಗಿ ಓವನ್ ಮುಟ್ಟಬ್ಯಾಡ್ರಿ. ಕಡೀಕ ಯುವಿ ತಡೆಯೂ 2ಕೆ (ಎರಡು ದ್ರವ ಕಲಸೂ) ಪಿಯು ಕ್ಲಿಯರ್, ಕಾರ್ ಪೇಂಟರ್ ಕಡೆ ಹೊಡಸ್ರಿ. ಬರೀ ಎಪಾಕ್ಸಿ ಬಿಸಿಲಿಗೆ ಹಳದಿ ಆಗತೈತಿ.

ಹಾವೇರಿ ಟೂರರ್

ಮಡ್‌ಗಾರ್ಡ್ ಚಕ್ರದ ಮೇಲೇ ಕೂರುವ ಭಾಗ, ಇದನ್ನು ಹಗುರವಾಗಿ ತಗೋಬೇಡಿ. ಕಾರ್ಬನ್ ಪ್ಲಾಸ್ಟಿಕ್ಕಿನಂತೆ ಬಾಗಿ ತಾಳುವುದಿಲ್ಲ, ಒಮ್ಮೆಲೇ ಚೂರಾಗುತ್ತದೆ. ಆ ಚೂರು ಟೈರಿಗೂ ಫೋರ್ಕಿಗೂ ನಡುವೆ ಸಿಕ್ಕರೆ ಚಕ್ರವೇ ಹಿಡಿದುಕೊಳ್ಳುತ್ತದೆ. ಒಳಗಿನ ಗ್ಲಾಸ್ ಪದರು ಚೂರುಗಳನ್ನು ಹಿಡಿದಿಡುತ್ತದೆ, ಅದನ್ನು ಬಿಡಬೇಡಿ. ಟೈರಿನಿಂದ ಅಂತರ ಒರಿಜಿನಲ್‌ನಷ್ಟೇ ಇರಲಿ. ಹ್ಯಾಂಡಲ್, ಫುಟ್‌ರೆಸ್ಟ್ ಬ್ರಾಕೆಟ್, ಸ್ವಿಂಗ್‌ಆರ್ಮ್ ಕಡೆಗಂತೂ ಮನೆಯ ಕಾರ್ಬನ್ ಒಯ್ಯಲೇಬಾರದು.

ಕಾರ್ಬನ್ ನೇರವಾಗಿ ಅಲ್ಯೂಮಿನಿಯಂ ಮುಟ್ಟಿ ನೀರು ತಾಗಿದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ನೈಲಾನ್ ವಾಷರ್, ಸ್ಟೇನ್‌ಲೆಸ್ ಬೋಲ್ಟ್ ಹಾಕಿ. ಕತ್ತರಿಸಿ ಉಜ್ಜುವುದೆಲ್ಲ ನೀರು ಹಾಕಿಯೇ ಮಾಡಿ, ಎನ್95 ಮಾಸ್ಕ್ ಇರಲಿ. ಆ ಧೂಳಿಗೆ ಕರೆಂಟ್ ಹರಿಯುತ್ತದೆ. ಗ್ರೈಂಡರ್ ಮೋಟರಿನೊಳಗೆ ಹೋದರೆ ಶಾರ್ಟ್.

ಉಣಕಲ್ ರೈಡರ್ (ಹುಬ್ಬಳ್ಳಿ)

ಸೈಡ್ ಪ್ಯಾನೆಲ್ ಹಿಂದ ರಬ್ಬರ್ ಗ್ರೊಮೆಟಿಗೆ ಕೂಡೂ ಗೂಟ ಇರತಾವಲ್ರಿ, ಅವನ್ನ ಹೆಂಗ ಮಾಡೂದು?

ಎಫ್‌ಆರ್‌ಪಿ ಕೆಲಸ (ತಾರಿಹಾಳ)

ಮೋಲ್ಡಿನಾಗ ಮಾಡಾಕ ಹೋಗಬ್ಯಾಡ್ರಿ. ಒರಿಜಿನಲ್ ಗೂಟ ಅಳತಿ ಮಾಡಿ ಲೇಥಿನಾಗ ನೈಲಾನ್ ಗೂಟ ತಿರಗಿಸಿ ತಗೋರಿ, ಬುಡಕ್ಕ 25 ಎಂಎಂ ಚಪ್ಪಟಿ ತಲಿ ಇರಲಿ. ನೈಲಾನಿಗೆ ಎಪಾಕ್ಸಿ ಚಲೋ ಹಿಡಿಯೂದಿಲ್ಲ, ಅದಕ್ಕ ತಲಿಗೆ ನಾಕು ತೂತು ಕೊರದು ಒರಟ ಮಾಡ್ರಿ, ರೆಸಿನ್ ತೂತಿನಾಗ ಇಳಿದು ಕಚ್ಚಿಕೊಳ್ತೈತಿ. ಗೂಟಗಳನ್ನ ಬೈಕಿನ ಗ್ರೊಮೆಟಿಗೆ ಸಿಗಿಸಿ, ತಲಿಗೆ ದಪ್ಪ ಎಪಾಕ್ಸಿ ಹಚ್ಚಿ, ಪ್ಯಾನೆಲ್ ಅದರ ಮ್ಯಾಲ ಕೂಡಿಸಿ ಟೇಪ್ ಹಾಕಿ ಬಿಡ್ರಿ. ಮರುದಿನ ಗ್ರೊಮೆಟ್ ಸಮೇತ ಬಿಚ್ಚಿ, ತಲಿ ಮ್ಯಾಲ ಎರಡು ಪದರು ಗ್ಲಾಸ್ ಬಟ್ಟಿ ಹಾಕ್ರಿ.