ನಾತಾಳವೋ, ಕ್ರಿಸ್‌ಮಸ್ಸೋ: ಆಮಂತ್ರಣದಲ್ಲಿ ಯಾವ ಹೆಸರು ಬರೆಯಬೇಕು?

ಪ್ರಶ್ನೆ (ಕಾರವಾರದಿಂದ)

ನಮ್ಮ ಕೇರಿಯಲ್ಲಿ ಹಿಂದೂಗಳ ಮನೆಗಳೂ ಕ್ರೈಸ್ತರ ಮನೆಗಳೂ ಗೋಡೆಗೆ ಗೋಡೆ ತಾಗಿಕೊಂಡಿವೆ. ಡಿಸೆಂಬರ್ 25ರ ಸಂಜೆ ಎಲ್ಲರೂ ಸೇರುವ ಸಣ್ಣ ಕಾರ್ಯಕ್ರಮವೊಂದು ಪ್ರತಿ ವರ್ಷ ನಡೆಯುತ್ತದೆ, ಅದರ ಆಮಂತ್ರಣವನ್ನು ಕನ್ನಡದಲ್ಲಿ ಬರೆಯುವ ಕೆಲಸ ಈ ಸಲ ನನ್ನ ಪಾಲಿಗೆ ಬಂದಿದೆ. ಚಿಕ್ಕಂದಿನಿಂದ ನಾನು ಕೇಳಿದ್ದು ‘ನಾತಾಳ’ ಎಂಬ ಹೆಸರನ್ನೇ. ‘ನಾತಾಳಕ್ಕೆ ಮನೆಗೆ ಬನ್ನಿ’ ಎಂದು ಪಕ್ಕದ ಮನೆಯ ಬಾಯಿ ನಮ್ಮ ಅಮ್ಮನನ್ನು ಕರೆಯುತ್ತಿದ್ದರು. ಆದರೆ ಕರಡು ನೋಡಿದ ಮುದ್ರಣಾಲಯದವರು ಅದು ಕನ್ನಡವಲ್ಲವೆಂದು ಹೊಡೆದುಹಾಕಿ ‘ಕ್ರಿಸ್‌ಮಸ್’ ಎಂದು ತಿದ್ದಿದ್ದಾರೆ. ಇನ್ನೊಬ್ಬರು ‘ಕ್ರಿಸ್ತ ಜಯಂತಿ’ ಎಂದು ಬರೆದರೆ ಮಾತ್ರ ಶುದ್ಧ ಎನ್ನುತ್ತಾರೆ. ಈ ಮೂರು ಹೆಸರುಗಳ ಅರ್ಥ ಒಂದೇ ಆಗಿದೆಯೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ (ಹೊನ್ನಾವರದಿಂದ)

ಹಬ್ಬ ಒಂದೇ, ಆದರೆ ಹೆಸರುಗಳ ಅರ್ಥ ಒಂದೇ ಅಲ್ಲ. ‘ಕ್ರಿಸ್‌ಮಸ್’ ಎಂಬುದು ಹಳೆಯ ಇಂಗ್ಲಿಷಿನಲ್ಲಿ ಕ್ರಿಸ್ತನ ‘ಮಾಸ್’, ಅಂದರೆ ಕ್ರಿಸ್ತನ ಬಲಿಪೂಜೆ (ಚರ್ಚಿನ ಆರಾಧನೆ) ಎಂಬ ಎರಡು ಪದಗಳು ಕೂಡಿ ಆದದ್ದು. 1038ರಷ್ಟು ಹಿಂದಿನ ಬರಹದಲ್ಲಿಯೇ ಅದು ಕಾಣಿಸುತ್ತದೆ. ಆ ‘ಮಾಸ್’ ಪದದ ಮೂಲ ಲ್ಯಾಟಿನ್ನಿನ ‘ಮಿಸ್ಸಾ’. ಪೂಜೆ ಮುಗಿದ ಮೇಲೆ ಜನರನ್ನು ಬೀಳ್ಕೊಡಲು ಪಾದ್ರಿಗಳು ಹೇಳುತ್ತಿದ್ದ ‘ಇತೆ, ಮಿಸ್ಸಾ ಎಸ್ತ್’ ಎಂಬ ಮಾತೇ ಕ್ರಮೇಣ ಇಡೀ ಪೂಜೆಯ ಹೆಸರಾಗಿ ನಿಂತಿತು. ‘ಕ್ರಿಸ್ತ’ ಎಂದರೆ ಗ್ರೀಕ್ ಭಾಷೆಯಲ್ಲಿ ಅಭಿಷಿಕ್ತ, ಹೀಬ್ರೂವಿನ ‘ಮೆಸ್ಸೀಯ’ ಎಂಬುದರ ಅನುವಾದ. ಗಮನಿಸಿ, ಈ ಹೆಸರಿನಲ್ಲಿ ಹುಟ್ಟು ಎಂಬ ಮಾತೇ ಇಲ್ಲ.

‘ನಾತಾಳ’ದಲ್ಲಿ ಇರುವುದು ಹುಟ್ಟೇ. ಜನನಕ್ಕೆ ಸಂಬಂಧಿಸಿದ್ದು ಎಂಬ ಅರ್ಥದ ಲ್ಯಾಟಿನ್ನಿನ ‘ನಾತಾಲಿಸ್’ ಪೋರ್ಚುಗೀಸಿನಲ್ಲಿ ‘ನಾತಾಲ್’ ಆಗಿ, ಅಲ್ಲಿಂದ ಕೊಂಕಣಿ, ಮರಾಠಿಗಳಿಗೆ ಬಂತು. ಫ್ರೆಂಚರ ‘ನೊಯೆಲ್’ ಕೂಡ ಇದೇ ಬೇರಿನದು. 1497ರ ಡಿಸೆಂಬರಿನಲ್ಲಿ ಈ ಹಬ್ಬದ ಹೊತ್ತಿಗೆ ಕಂಡ ಆಫ್ರಿಕದ ತೀರಕ್ಕೆ ವಾಸ್ಕೋ ಡ ಗಾಮ ‘ನಾತಾಲ್’ ಎಂದೇ ಹೆಸರಿಟ್ಟನು. ಅದೇ ಪ್ರಯಾಣದಲ್ಲಿ ಊರಿಗೆ ಮರಳುವಾಗ, 1498ರಲ್ಲಿ, ಅವನ ಹಡಗುಗಳು ತಂಗಿದ್ದು ನಿಮ್ಮ ಕಾರವಾರದ ಎದುರಿಗಿರುವ ಅಂಜದೀವ ದ್ವೀಪದಲ್ಲಿ.

ಉತ್ತರ (ಸದಾಶಿವಗಡದಿಂದ)

ನಮ್ಮ ಮನೆಮಾತು ಕೊಂಕಣಿ. ಹೊನ್ನಾವರದವರು ಬರೆದ ‘ಮಿಸ್ಸಾ’ ನಮ್ಮ ಬಾಯಲ್ಲಿ ‘ಮೀಸ್’ ಆಗಿ ಇಂದಿಗೂ ಇದೆ. ಇಗರ್ಜಿಗೆ (ಚರ್ಚಿಗೆ) ಪೂಜೆಗೆ ಹೋಗುತ್ತೇನೆ ಎನ್ನುವುದಕ್ಕೆ ನಾವು ‘ಮಿಸಾಕ್ ವೆತಾಂ’ ಎನ್ನುತ್ತೇವೆ. ಹಾಗಾಗಿ ‘ಕ್ರಿಸ್‌ಮಸ್’ನ ಕೊನೆಯ ‘ಮಸ್’ ಮತ್ತು ನಮ್ಮ ‘ಮೀಸ್’ ಒಂದೇ ತಾಯಿಯ ಮಕ್ಕಳು, ಒಂದು ಇಂಗ್ಲಿಷಿನ ದಾರಿ ಹಿಡಿದು ಬಂದಿದೆ, ಇನ್ನೊಂದು ಪೋರ್ಚುಗೀಸಿನ ದಾರಿ ಹಿಡಿದು ಬಂದಿದೆ. ಎರಡೂ ಸಮುದ್ರ ದಾಟಿ ಬಂದವೇ ಆಗಿರುವಾಗ ಒಂದನ್ನು ಕನ್ನಡವೆಂದು ಒಪ್ಪಿ ಇನ್ನೊಂದನ್ನು ಹೊಡೆದುಹಾಕುವುದು ನ್ಯಾಯವಲ್ಲ ಎಂದು ನನಗೆ ಅನಿಸುತ್ತದೆ.

ಹಬ್ಬದ ಹೆಸರಿನ ಕೊನೆಯ ಅಕ್ಷರ ನಮ್ಮ ಕೊಂಕಣಿಯಲ್ಲಿ ‘ಲ’, ಮರಾಠಿಯ ಬರಹದಲ್ಲಿ ‘ಳ’. ಕಾರವಾರದ ಕನ್ನಡದಲ್ಲಿ ‘ನಾತಾಳ’ ಎಂದು ಬರೆದರೆ ತಪ್ಪೇನೂ ಇಲ್ಲ. ನಮ್ಮಲ್ಲಿ ಆ ಪದ ಒಂದು ದಿನಕ್ಕಷ್ಟೇ ಸೀಮಿತವೂ ಅಲ್ಲ. ಡಿಸೆಂಬರ್ 20ರ ಸುಮಾರಿಗೆ ನಮ್ಮ ಅಜ್ಜಿ ಮೈದಾಹಿಟ್ಟಿಗೆ ತೆಂಗಿನ ಹಾಲು ಹಾಕಿ ನಾದಿ, ತೊಳೆದಿಟ್ಟ ಹೊಸ ಬಾಚಣಿಗೆಯ ಹಲ್ಲುಗಳ ಮೇಲೆ ಚಿಕ್ಕ ಚಿಕ್ಕ ಉಂಡೆಗಳನ್ನು ಹೆಬ್ಬೆರಳಿನಿಂದ ಒತ್ತಿ ಸುರುಳಿ ಮಾಡುತ್ತಿದ್ದರು. ಗೆರೆ ಮೂಡಿದ ಆ ‘ಕಲ್‌ಕಲ್’ ತಿಂಡಿಗಳು ಎಣ್ಣೆಯಲ್ಲಿ ಕೆಂಪಗಾಗುತ್ತಿದ್ದ ಹೊತ್ತಿನಿಂದಲೇ ನಮಗೆ ನಾತಾಳ ಬಂದಂತೆ. ‘ನಾತಾಳ ಕಳುಹಿಸಿದ್ದಾರೆ’ ಎಂದರೆ ಅಕ್ಕಪಕ್ಕದ ಮನೆಯವರಿಗೆ ತಿಂಡಿಯ ತಾಟು ಬಂದಿದೆ ಎಂದೇ ಅರ್ಥ. ‘ಕ್ರಿಸ್‌ಮಸ್ ಕಳುಹಿಸಿದ್ದಾರೆ’ ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಉತ್ತರ (ಶಿರಸಿಯಿಂದ)

ಘಟ್ಟದ ಮೇಲಿನ ನಮಗೆ ಶಾಲೆಯಿಂದಲೂ ಪತ್ರಿಕೆಗಳಿಂದಲೂ ಬಂದ ‘ಕ್ರಿಸ್‌ಮಸ್’ ಪದವೇ ಹೆಚ್ಚು ಪರಿಚಿತ. ‘ಕ್ರಿಸ್ತ ಜಯಂತಿ’ಯ ವಿಷಯಕ್ಕೆ ಬಂದರೆ, ಬಸವ ಜಯಂತಿ, ಗಾಂಧಿ ಜಯಂತಿಗಳ ಹಾಗೆ ಅದು ಸರಿಯಾದ ರಚನೆಯೇ, ಅರ್ಥದಲ್ಲಿ ‘ನಾತಾಳ’ಕ್ಕೆ ಹತ್ತಿರದ್ದೂ ಹೌದು, ಆದರೆ ಸಭೆಯ ವೇದಿಕೆಗೆ ಒಪ್ಪುವ ಆ ಪದ ನೆರೆಯವರನ್ನು ಮನೆಗೆ ಕರೆಯುವ ಮಾತಿಗೆ ಒಗ್ಗುವುದಿಲ್ಲ. ಕೆಲವರು ಬರೆಯುವ ‘ಕ್ರಿಸ್ಟ್‌ಮಸ್’ ಬೇಡ, ಆ ಟಕಾರ ಇಂಗ್ಲಿಷಿನಲ್ಲಿಯೇ ಉಚ್ಚಾರವಾಗುವುದಿಲ್ಲ. ‘ಎಕ್ಸ್‌ಮಸ್’ ಎಂಬುದೂ ಕನ್ನಡದಲ್ಲಿ ಬೇಡ. ಇಂಗ್ಲಿಷರು ಎಕ್ಸ್ ಎಂದು ಓದುವ ಆ ಗುರುತು ಗ್ರೀಕಿನಲ್ಲಿ ಕ್ರಿಸ್ತನ ಹೆಸರಿನ ಮೊದಲ ಅಕ್ಷರ. ಅದನ್ನು ಬಳಸುವುದು ಹೆಸರಿಗೆ ಅಗೌರವವೇನಲ್ಲ, ಆದರೆ ನಮ್ಮ ಲಿಪಿಯಲ್ಲಿ ಬರೆದಾಗ ಆ ಅರ್ಥವೇ ಉಳಿಯುವುದಿಲ್ಲ.

ಆಮಂತ್ರಣದಲ್ಲಿ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯನ್ನು ‘ಕ್ರಿಬ್’ ಎಂದು ಬರೆಯುವುದಿದ್ದರೆ ದಯವಿಟ್ಟು ‘ಗೋದಲಿ’ ಎಂದು ಬರೆಯಿರಿ. ಕೊಟ್ಟಿಗೆಯಲ್ಲಿ ದನಗಳ ಮುಂದೆ ಹುಲ್ಲು ಹಾಕುವ ಜಾಗಕ್ಕೆ ರೈತರು ಹೇಳುವ ಈ ಪದವನ್ನೇ ಕನ್ನಡ ಬೈಬಲ್ ಶಿಶು ಯೇಸುವನ್ನು ಮಲಗಿಸಿದ ಸ್ಥಳಕ್ಕೆ ಬಳಸಿದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಮನಃಪೂರ್ವಕ ವಂದನೆಗಳು. ಮೇಲೆ ದಪ್ಪ ಅಕ್ಷರದಲ್ಲಿ ‘ನಾತಾಳ’ ಎಂದು ಉಳಿಸಿದ್ದೇನೆ. ಘಟ್ಟದ ಮೇಲಿನಿಂದ ಬರುವ ಅತಿಥಿಗಳಿಗಾಗಿ ಒಳಗಿನ ಒಕ್ಕಣೆಯಲ್ಲಿ ‘ಕ್ರಿಸ್‌ಮಸ್ ಹಬ್ಬದ ಸಂಜೆ’ ಎಂದಿದೆ. ‘ಮಕ್ಕಳು ಕಟ್ಟಿದ ಗೋದಲಿಯನ್ನು ನೋಡಲು ಬನ್ನಿ’ ಎಂಬ ಸಾಲನ್ನು ಈಗಷ್ಟೇ ಸೇರಿಸಿ, ಕರಡನ್ನು ಮುದ್ರಣಾಲಯಕ್ಕೆ ಮರಳಿ ಕಳುಹಿಸಿದ್ದೇನೆ.